ನಿಮ್ಮೂರಿನ ಕಾಡಿಗೊಂದು ಲೆಕ್ಕದ ಪುಸ್ತಕ: ಬರೆಯುವುದು ಹೇಗೆ?

ಒಂದು ಮರದ ಬೆಲೆ 15 ಲಕ್ಷದ 70 ಸಾವಿರ ರೂಪಾಯಿ. ಪರಿಸರ ದಿನ ಬಂತೆಂದರೆ ಈ ಸಾಲು ವಾಟ್ಸಾಪಿನಲ್ಲಿ ಓಡಾಡಲು ಶುರುವಾಗುತ್ತದೆ. ಯಾರೋ ಸುಮ್ನೆ ಹುಟ್ಟಿಸಿದ ಅಂಕಿ ಅಲ್ಲ ಇದು. ಕಲ್ಕತ್ತಾ ವಿಶ್ವವಿದ್ಯಾಲಯದ ತಾರಕ್ ಮೋಹನ್ ದಾಸ್ ಎಂಬ ಪ್ರಾಧ್ಯಾಪಕರು 1979-80ರ ಸುಮಾರಿಗೆ ಹಾಕಿದ ಲೆಕ್ಕ. 50 ಟನ್ ತೂಗುವ ಮರವೊಂದು 50 ವರ್ಷದಲ್ಲಿ ಕೊಡುವ ಆಮ್ಲಜನಕಕ್ಕೆ ಎರಡೂವರೆ ಲಕ್ಷ, ಗಾಳಿ ಶುದ್ಧ ಮಾಡುವುದಕ್ಕೆ ಐದು ಲಕ್ಷ, ನೀರಿನ ಚಲನೆಗೆ ಮೂರು ಲಕ್ಷ, ಹೀಗೆ ಕೂಡಿಸುತ್ತಾ ಹೋಗಿ ಸಿಕ್ಕ ಮೊತ್ತ. ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿಯೊಂದು ಕೊಟ್ಟ ಇಂಥದ್ದೇ ಲೆಕ್ಕ 2021ರಲ್ಲಿ ಸುದ್ದಿಯಾಯಿತು. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಪ್ರಕರಣ ಅದು. ಮರಕ್ಕೆ ವರ್ಷಕ್ಕೆ 74,500 ರೂಪಾಯಿ ಎಂದರು. ಅದರಲ್ಲಿ 45,000 ಆಮ್ಲಜನಕದ್ದೇ.

ನನ್ನ ತಕರಾರು ಈ ಆಮ್ಲಜನಕದ ಮೇಲೆ. ಗಾಳಿಯಲ್ಲಿ ಅದು ಶೇ. 21ರಷ್ಟಿದೆ, ಊರಿಗೆ ಕೊರತೆ ಬಿದ್ದಿಲ್ಲ. ಬೆಳೆದು ನಿಂತ ಕಾಡು ತಾನು ಬಿಟ್ಟ ಆಮ್ಲಜನಕದ ಬಹುಪಾಲನ್ನು ಉಸಿರಾಟಕ್ಕೆ, ಎಲೆ ಕೊಳೆಯುವುದಕ್ಕೆ ತಾನೇ ಬಳಸಿಕೊಳ್ಳುತ್ತದೆ. ಅದಕ್ಕೆ ಆಸ್ಪತ್ರೆ ಸಿಲಿಂಡರಿನ ರೇಟು ಹಚ್ಚಿದರೆ ಅಂಕಿ ದೊಡ್ಡದಾಗುತ್ತದೆ, ಅಷ್ಟೇ. ಪಂಚಾಯ್ತಿ ಸಭೆಯಲ್ಲಿ ಈ ಅಂಕಿ ಹೇಳಿ ನೋಡಿ. ಎಲ್ಲರೂ ತಲೆದೂಗುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಅದೇ ಸಭೆಯಲ್ಲಿ "ನಮ್ಮ ಕಾನಿನ ಹಳ್ಳ ಏಪ್ರಿಲ್ ಕೊನೆಗೂ ದಿನಕ್ಕೆ 69 ಸಾವಿರ ಲೀಟರ್ ನೀರು ಕೊಡುತ್ತಿದೆ, ಪಕ್ಕದ ಬೋಳುಗುಡ್ಡದ ಹಳ್ಳ ಶಿವರಾತ್ರಿಗೇ ಬತ್ತಿದೆ" ಅಂದರೆ ಜನ ಎದ್ದು ಕೂರುತ್ತಾರೆ. ಅಂಥ ಲೆಕ್ಕವನ್ನು ಊರಿನವರೇ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆಯ ಕಾನು (ಊರಿನವರು ಕಾಯ್ದುಕೊಂಡ ಹಸಿರು ಕಾಡು) ಮತ್ತು ಸೊಪ್ಪಿನ ಬೆಟ್ಟಗಳನ್ನು (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೊಡಗಿನ ದೇವರಕಾಡಿಗಾಗಲಿ, ಬಯಲುಸೀಮೆಯ ಕುರುಚಲು ಕಾಡಿಗಾಗಲಿ ಬೇಕಾದಂತೆ ಬದಲಿಸಿಕೊಳ್ಳಬಹುದು. ಬೇಕಾಗುವ ಸಾಮಾನು ಕಡಿಮೆ: ಒಂದು ದಪ್ಪ ನೋಟ್‌ಬುಕ್, ಅಳತೆ ಟೇಪು, ಕೊಕ್ಕೆ ತಕ್ಕಡಿ, 20 ಲೀಟರಿನ ಬಕೆಟ್, ಮೊಬೈಲು. ತಾಳ್ಮೆ ಮಾತ್ರ ಒಂದು ವರ್ಷಕ್ಕಾಗುವಷ್ಟು ಬೇಕು.

1. ಲೆಕ್ಕ ಯಾರಿಗೆ ತೋರಿಸಲು?

ಮೊದಲು ಇದನ್ನು ತೀರ್ಮಾನಿಸಿ. ಇದೊಂದು ಗೊತ್ತಾಗದೆ ಅಳತೆಗೆ ಇಳಿದರೆ ವರ್ಷದ ಕೊನೆಗೆ ಕೈಯಲ್ಲಿ ಬರೀ ಅಂಕಿ ಉಳಿಯುತ್ತದೆ.

ಅರಣ್ಯ ಹಕ್ಕು ಕಾಯ್ದೆ, 2006ರ ಅಡಿ ಸಮುದಾಯ ಹಕ್ಕಿಗೆ ಅರ್ಜಿ ಹಾಕುವವರಿಗೆ ರೂಪಾಯಿ ಲೆಕ್ಕ ಬೇಕಾಗಿಯೇ ಇಲ್ಲ. ಅಲ್ಲಿ ಕೇಳುವುದು ಬಳಕೆಯ ಪುರಾವೆ: ಏನು ತರುತ್ತೀರಿ, ಎಲ್ಲಿಂದ, ಎಷ್ಟು ತಲೆಮಾರಿನಿಂದ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಪುರಾವೆಯೇ. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡುವುದಾದರೆ ಗಿಡ, ಪ್ರಾಣಿ, ಅವುಗಳ ಬಗ್ಗೆ ಊರಿನವರಿಗಿರುವ ತಿಳಿವಳಿಕೆ ಮುಖ್ಯ. ರಸ್ತೆ, ಗಣಿ, ವಿದ್ಯುತ್ ಲೈನ್ ಬರುತ್ತದೆ, ಆಕ್ಷೇಪಣೆ ಸಲ್ಲಿಸಬೇಕು ಅನ್ನುವವರಿಗೆ ನೀರು ಮತ್ತು ಜೀವನೋಪಾಯದ ಅಂಕಿ ಬೇಕು, ರೂಪಾಯಿಯೂ ಬೇಕು. ಇನ್ನು ಕೆಲವರಿಗೆ ಊರೊಳಗಿನ ಜಗಳವೇ ಸಾಕಾಗಿರುತ್ತದೆ: ಯಾರು ಎಷ್ಟು ಸೊಪ್ಪು ಕಡಿಯಬೇಕು, ಬೆಂಕಿ ರೇಖೆ ಯಾರು ಮಾಡಬೇಕು. ಅವರಿಗೆ ಮನೆವಾರು ಲೆಕ್ಕ ಬೇಕು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಒಂದು ಪ್ರಶ್ನೆಯನ್ನು ದೊಡ್ಡದಾಗಿ ಬರೆದಿಡಿ.

2. ಯಾವ ಕಾಡು, ಎಲ್ಲಿಂದ ಎಲ್ಲಿಗೆ

"ನಮ್ಮ ಕಾಡು" ಅಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು, ದಾಖಲೆಯಲ್ಲಿ ಅದೇ ಜಾಗ ನಾಲ್ಕು ಚೂರಾಗಿರುತ್ತದೆ. ಒಂದು ಭಾಗ ಮೀಸಲು ಅರಣ್ಯ, ಒಂದು ಸೊಪ್ಪಿನ ಬೆಟ್ಟ, ಒಂದು ಕಂದಾಯ ಭೂಮಿ, ಇನ್ನೊಂದು ಗೋಮಾಳ. ಸರ್ವೆ ನಂಬರು ನೋಡಲು ಸರ್ಕಾರದ ದಿಶಾಂಕ್ ಆ್ಯಪ್ ಸಾಕು, ಪಹಣಿ ತೆಗೆಸಿ ತಾಳೆ ನೋಡಿ. ಸೊರಬದ ಕಾನುಗಳು 19ನೇ ಶತಮಾನದ ದಾಖಲೆಗಳಲ್ಲೇ ಬರುತ್ತವೆ. ಕಾಳುಮೆಣಸು ಬೆಳೆದು, ಕೊಡಲಿ ಹಾಕದೆ ಊರಿನವರು ಕಾಯ್ದುಕೊಂಡ ಹಸಿರು ಕಾಡುಗಳವು. ನಿಮ್ಮೂರಿನ ಹಳೆಯ ಪಹಣಿಯಲ್ಲಿ "ಕಾನು" ಎಂಬ ಪದ ಇದ್ದರೆ ಅದರ ಜೆರಾಕ್ಸ್ ಮೊದಲು ಮಾಡಿಸಿ.

ಸರ್ವೆ ಗಡಿಯ ಜೊತೆಗೆ ಇನ್ನೊಂದು ಗಡಿ ಗುರುತಿಸಬೇಕು, ಅದು ನೀರಿನದು. ಹಳ್ಳದ ಹುಟ್ಟಿನ ತನಕ ನಡೆದು ಹೋಗಿ. ಯಾವ ಯಾವ ಗುಡ್ಡದ ನೀರು ಇಲ್ಲಿಗೆ ಇಳಿಯುತ್ತದೆ ಅಂತ ಕೈನಕ್ಷೆ ಬರೆಯಿರಿ. ಮಳೆಗಾಲದಲ್ಲಿ ಹೋದರೆ ಚೆನ್ನಾಗಿ ಗೊತ್ತಾಗುತ್ತದೆ. ಉಂಬಳಕ್ಕೆ (ಜಿಗಣೆ) ಉಪ್ಪು, ಸುಣ್ಣ ಏನಾದರೂ ಇಟ್ಟುಕೊಳ್ಳಿ.

3. ಪಟ್ಟಿ: ಕೇಳಬೇಕಾದವರನ್ನು ಕೇಳಿ

ಕಾಡಿನಿಂದ ಏನೇನು ಸಿಗುತ್ತದೆ ಅಂತ ಸಭೆಯಲ್ಲಿ ಕೇಳಿದರೆ ಮುಂದಿನ ಸಾಲಿನಲ್ಲಿ ಕೂತವರು ನಾಟಾ, ಜೇನು, ಔಷಧಿ ಅಂತ ಹೇಳಿ ಮುಗಿಸುತ್ತಾರೆ. ಪಟ್ಟಿ ಉದ್ದವಾಗುವುದು ದನ ಕಾಯುವವರ ಜೊತೆ ಕೂತಾಗ, ಸೌದೆ ತರುವ ಹೆಂಗಸರ ಜೊತೆ ನಡೆದಾಗ, ಜೇನು ಕೊಯ್ಯುವವರನ್ನು ಮಾತಾಡಿಸಿದಾಗ. ಸಭೆ ಕರೆಯುವ ಬದಲು ಅವರ ಬೆನ್ನಿಗೇ ಹೋಗಿ.

ವಸ್ತುಗಳ ಹೆಸರು ಕೇಳುವುದಕ್ಕಿಂತ ತಿಂಗಳು ಹಿಡಿದು ಕೇಳಿದರೆ ಜಾಸ್ತಿ ನೆನಪಾಗುತ್ತದೆ. ಬೇಸಿಗೆ ಶುರುವಿನಲ್ಲಿ ಹಳ್ಳದ ದಂಡೆಯ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಮಾವಿನ ಮಿಡಿ. ಜನವರಿಯಿಂದ ಮಾರ್ಚ್ ತನಕ ದರಕು, ಅಂದರೆ ಕೊಟ್ಟಿಗೆಗೆ ಹಾಸುವ ಒಣ ಎಲೆ. ಏಪ್ರಿಲ್, ಮೇನಲ್ಲಿ ಮುರುಗಲು, ಹೆಜ್ಜೇನು, ಮಳೆಗಾಲಕ್ಕೆ ಕೂಡಿಡುವ ಸೌದೆ. ಮಳೆ ಹಿಡಿದ ಮೇಲೆ ಕಳಲೆ, ಅಣಬೆ, ಕೆಸು, ಆಮೇಲೆ ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು. ನಡುವೆ ಶೀಗೆ, ಅಂಟುವಾಳ, ದಾಲ್ಚಿನ್ನಿ ಮೊಗ್ಗು, ರಾಮಪತ್ರೆ, ವಾಟೆಹುಳಿ, ಬೆತ್ತ, ಬೇಲಿಗೆ ಗೂಟ, ಗಣಪತಿ ಹಬ್ಬದ ಫಲಾವಳಿಗೆ ಕಟ್ಟುವ ಕಾಡುಹಣ್ಣು. ಮಾರುವುದಕ್ಕೆ, ಮನೆಗೆ, ದನಕ್ಕೆ, ದೇವರಿಗೆ ಅಂತ ಪ್ರತಿಯೊಂದರ ಮುಂದೆ ಗುರುತು ಹಾಕಿ.

ಕೈಯಲ್ಲಿ ಹಿಡಿಯಲಾಗದ ಪ್ರಯೋಜನಗಳಿಗೆ ಬೇರೆ ಪುಟ ಮಾಡಿ. ಹಳ್ಳದ ನೀರು, ಬಾವಿಯ ಮಟ್ಟ, ಗುಡ್ಡ ಕುಸಿಯದಂತೆ ಹಿಡಿದಿರುವ ಬೇರು, ತೋಟಕ್ಕೆ ಬಿಸಿಗಾಳಿ ತಗುಲದಂತೆ ತಡೆ, ಪರಾಗಸ್ಪರ್ಶ. ಕೊಡಗಿನ ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಅದನ್ನು ತರುವುದರಲ್ಲಿ ಗಾಳಿಯ ಜೊತೆಗೆ ಹೆಜ್ಜೇನು, ತುಡುವೆ ಜೇನುಗಳ ಪಾತ್ರ ದೊಡ್ಡದು. ಹೆಜ್ಜೇನು ಗೂಡು ಕಟ್ಟುವುದು ಕಾಡಿನ ಎತ್ತರದ ಮರದಲ್ಲಿ. ಏಲಕ್ಕಿಗೂ ಜೇನುನೊಣವೇ ಬೇಕು. ತೋಟದ ಯಜಮಾನರಿಗೆ ಈ ಸಂಬಂಧ ವಿವರಿಸಿ ಹೇಳಿದರೆ ಆ ಮರಗಳ ಬಗ್ಗೆ ಅವರ ಮಾತೇ ಬದಲಾಗುತ್ತದೆ.

2005ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಬಂದ ದೊಡ್ಡ ವರದಿಯೊಂದು ಇಂಥ ಪ್ರಯೋಜನಗಳನ್ನು ನಾಲ್ಕು ಗುಂಪು ಮಾಡಿತು: ಸಿಗುವ ವಸ್ತು, ಹದದಲ್ಲಿಡುವ ಕೆಲಸ, ಸಂಸ್ಕೃತಿಗೆ ಸಂಬಂಧಿಸಿದ್ದು, ಇವೆಲ್ಲಕ್ಕೂ ಆಧಾರವಾದ ಮಣ್ಣು-ಪೋಷಕಾಂಶದ ಚಕ್ರ. ಇಲಾಖೆಯವರ ಜೊತೆ ಮಾತಾಡುವಾಗ ಈ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಊರಿನ ನೋಟ್‌ಬುಕ್ಕಿಗೆ ತಿಂಗಳ ಪಟ್ಟಿಯೇ ಸಾಕು.

4. ಮೊದಲು ಹೊರೆ, ಕೆಜಿ, ಲೀಟರು. ರೂಪಾಯಿ ಆಮೇಲೆ

ಎಲ್ಲ ಮನೆಗಳನ್ನೂ ವರ್ಷವಿಡೀ ಅಳೆಯಲು ಆಗುವುದಿಲ್ಲ. ಬೇರೆ ಬೇರೆ ರೀತಿಯ ಮನೆ ಆರಿಸಿ: ತೋಟ ಇರುವವರು, ಇಲ್ಲದವರು, ದನ ಇರುವವರು, ಕೂಲಿಗೆ ಹೋಗುವವರು. ಪ್ರತಿ ಗುಂಪಿನಿಂದ ಕೆಲವು ಮನೆ ಸಾಕು. ತಿಂಗಳಿಗೊಂದು ವಾರ ಅವರು ತಂದದ್ದನ್ನು ತೂಗಿ ಬರೆಯಿರಿ. "ವರ್ಷಕ್ಕೆ ಎಷ್ಟು ತರುತ್ತೀರಿ?" ಅಂತ ಒಂದೇ ಸಲ ಕೇಳಿದರೆ ಬರುವ ಉತ್ತರ ನಂಬುವಂತಿರುವುದಿಲ್ಲ. ಅರಣ್ಯ ಇಲಾಖೆಯವರಿಗೆ ಹೇಳುತ್ತಾರೇನೋ ಅಂತ ಕೆಲವರು ಕಡಿಮೆ ಹೇಳುತ್ತಾರೆ, ಪರಿಹಾರ ಬರುತ್ತದೇನೋ ಅಂತ ಕೆಲವರು ಜಾಸ್ತಿ ಹೇಳುತ್ತಾರೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. 40 ಮನೆ, ಮನೆಗೆ ವಾರಕ್ಕೆ 3 ಹೊರೆ ಸೌದೆ, ಹೊರೆಗೆ 20 ಕೆಜಿ, ವರ್ಷದಲ್ಲಿ 40 ವಾರ. ಒಟ್ಟು 4,800 ಹೊರೆ, 96 ಟನ್. ಇದನ್ನು ಬರೆದಾದ ಮೇಲೆ ಇನ್ನೊಂದು ಕಾಲಂ ಬೇಕು: ಇಷ್ಟನ್ನು ಕಾಡು ತಡೆದುಕೊಳ್ಳುತ್ತದಾ? ಬಿದ್ದ ಒಣ ಕಟ್ಟಿಗೆಯೇ, ಹಸಿ ಮರ ಕಡಿದದ್ದೇ? ಹತ್ತು ವರ್ಷದ ಹಿಂದೆ ಸೌದೆಗೆ ಎಷ್ಟು ದೂರ ಹೋಗುತ್ತಿದ್ದರು, ಈಗ ಎಷ್ಟು? ದೂರ ಜಾಸ್ತಿ ಆಗುತ್ತಿದ್ದರೆ ನೀವು ಬರೆಯುತ್ತಿರುವುದು ಆದಾಯವಲ್ಲ, ಬಂಡವಾಳ ಕರಗುತ್ತಿರುವುದು.

ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟಕ್ಕೆ ಈ ಪ್ರಶ್ನೆ ಮುಖ್ಯ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರದ ಗುಂಡಿಗೆ, ಅಲ್ಲಿಂದ ತೋಟಕ್ಕೆ. ಕೆಲವು ಬೆಟ್ಟಗಳು ಇವತ್ತಿಗೂ ಮತ್ತಿ, ಹೊನ್ನೆ, ನಂದಿ ಮರಗಳಿಂದ ತುಂಬಿವೆ, ಕೆಲವು ಬೋಳಾಗಿ ಕರಡ ಹುಲ್ಲು ಮಾತ್ರ ಉಳಿದಿದೆ. ಎರಡೂ ಬೆಟ್ಟದಿಂದ ಈ ವರ್ಷ ಒಂದೇ ಲೆಕ್ಕದ ಹೊರೆ ಬಂದಿರಬಹುದು. ಹೊರೆ ಎಣಿಸಿದವರು ಮರಗಳನ್ನೂ ಎಣಿಸಬೇಕು ಅನ್ನುವುದು ಇದಕ್ಕೇ.

5. ನೀರು

ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ನನ್ನ ಮಟ್ಟಿಗೆ ಮಲೆನಾಡಿನ ಕಾಡಿನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ.

ಹಳ್ಳ ಸಣ್ಣದಿದ್ದರೆ, ನೀರನ್ನು ಒಂದು ಅಡಿಕೆ ದಬ್ಬೆಗೋ ಪೈಪಿಗೋ ತಿರುಗಿಸಿ ಬಕೆಟ್ ಹಿಡಿಯಿರಿ. 20 ಲೀಟರ್ ಬಕೆಟ್ 25 ಸೆಕೆಂಡಿನಲ್ಲಿ ತುಂಬಿತು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 0.8 ಲೀಟರ್. ದಿನಕ್ಕೆ 86,400 ಸೆಕೆಂಡು, ಅಂದರೆ 69,120 ಲೀಟರ್. ಜಲಜೀವನ ಮಿಷನ್ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಬೇಕು. ಭಾಗಿಸಿ ನೋಡಿ, 1,256 ಜನಕ್ಕೆ ಆಗುವ ನೀರು. ನೋಡಿದರೆ ಇಷ್ಟೇನಾ ಅನಿಸುವ ಒಂದು ಸಣ್ಣ ತೊರೆ ಅದು.

ಹಳ್ಳ ದೊಡ್ಡದಿದ್ದರೆ ನೇರವಾಗಿ ಹರಿಯುವ 10 ಮೀಟರ್ ಜಾಗ ಆರಿಸಿ. ಮೇಲಿಂದ ನಿಂಬೆಹಣ್ಣು ತೇಲಿಬಿಡಿ, ಕೆಳಗೆ ಬರಲು ಎಷ್ಟು ಸೆಕೆಂಡು ಬೇಕಾಯಿತು ನೋಡಿ. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ. 40 ಸೆಕೆಂಡು ಆಯಿತೆಂದರೆ ವೇಗ ಸೆಕೆಂಡಿಗೆ 0.25 ಮೀಟರ್. ಹಳ್ಳದ ಅಗಲ ಅರ್ಧ ಮೀಟರ್, ಸರಾಸರಿ ಆಳ 10 ಸೆಂಟಿಮೀಟರ್ ಇದ್ದರೆ ಅಡ್ಡಕೊಯ್ತ 0.05 ಚದರ ಮೀಟರ್. ಎರಡನ್ನೂ ಗುಣಿಸಿ, ತಳದಲ್ಲಿ ನೀರು ನಿಧಾನ ಹರಿಯುವುದರಿಂದ 0.85ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ ಸುಮಾರು 10.6 ಲೀಟರ್ ಬರುತ್ತದೆ.

ಮಳೆಗಾಲದ ಅಳತೆಗೆ ಅಷ್ಟು ಅರ್ಥವಿಲ್ಲ. ಆಗ ಎಲ್ಲ ಹಳ್ಳಗಳೂ ತುಂಬಿಯೇ ಇರುತ್ತವೆ. ಡಿಸೆಂಬರಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಹಿಂದಿನ ವರ್ಷಗಳ ವಿಷಯ ಹಿರಿಯರನ್ನು ಕೇಳುವಾಗ ತಾರೀಖು ಕೇಳಬೇಡಿ, ಹಬ್ಬ ಕೇಳಿ. ಸಂಕ್ರಾಂತಿಗೆ ಹರಿಯುತ್ತಿತ್ತಾ, ಶಿವರಾತ್ರಿಗೆ, ಯುಗಾದಿಗೆ? ಯಾವ ಮಳೆ ನಕ್ಷತ್ರಕ್ಕೆ ಮತ್ತೆ ಶುರುವಾಯಿತು? ಹೀಗೆ ಕೇಳಿದರೆ ಮೂವತ್ತು ವರ್ಷದ ಹಿಂದಿನದೂ ಸಿಗುತ್ತದೆ.

ಈಗ ತೊಡಕಿನ ಭಾಗ. ಹಳ್ಳದಲ್ಲಿ ಹರಿಯುವ ನೀರೆಲ್ಲ ಕಾಡು "ಕೊಟ್ಟದ್ದು" ಅಂತ ಬರೆಯುವ ಹಾಗಿಲ್ಲ. ಮಳೆ ಕಾಡಿಲ್ಲದಿದ್ದರೂ ಬೀಳುತ್ತಿತ್ತು. ಮರಗಳೂ ನೀರು ಕುಡಿಯುತ್ತವೆ, ಬೇಗ ಬೆಳೆಯುವ ನೆಡುತೋಪುಗಳು ಇನ್ನೂ ಜಾಸ್ತಿ ಕುಡಿಯುತ್ತವೆ. ಹಳೆಯ ಕಾಡು ಮುಖ್ಯವಾಗಿ ಮಾಡುವುದು ಮಳೆನೀರನ್ನು ನೆಲಕ್ಕಿಳಿಸಿ, ತಡೆದಿಟ್ಟು, ಬೇಸಿಗೆಯಲ್ಲಿ ಬಿಟ್ಟುಕೊಡುವ ಕೆಲಸ. ಆ ವ್ಯತ್ಯಾಸ ಹಿಡಿಯಲು ಇನ್ನೊಂದು ಹಳ್ಳ ಬೇಕು. ಹತ್ತಿರದಲ್ಲೇ, ಸುಮಾರು ಅಷ್ಟೇ ದೊಡ್ಡ ಜಲಾನಯನದ, ಆದರೆ ಬೋಳು ಗುಡ್ಡದಿಂದಲೋ ಅಕೇಶಿಯಾ ನೆಡುತೋಪಿನಿಂದಲೋ ಇಳಿಯುವ ಹಳ್ಳ. ಎರಡನ್ನೂ ಒಂದೇ ದಿನ ಅಳೆಯಿರಿ. ಉತ್ತರ ಕನ್ನಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ತಂಡ ಇಂಥ ಹೋಲಿಕೆಗಳನ್ನು ಮಾಡಿದೆ. ಜಲಾನಯನದಲ್ಲಿ ಸ್ಥಳೀಯ ಜಾತಿಯ ಕಾಡು ಹೆಚ್ಚಿರುವ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಕಾಡು ಕಳೆದುಕೊಂಡ ಕಡೆ ಕೆಲವೇ ತಿಂಗಳು ಅನ್ನುವುದು ಅವರು ಕಂಡದ್ದು. ನಿಮ್ಮ ಎರಡು ಹಳ್ಳಗಳ ನಡುವಿನ ವ್ಯತ್ಯಾಸ ಏನಿದೆಯೋ ಅದಷ್ಟೇ ಕಾಡಿನ ಖಾತೆಗೆ.

6. ರೂಪಾಯಿ ಹಚ್ಚುವ ಮೂರು ದಾರಿ

ಒಂದು, ಪೇಟೆ ಬೆಲೆ. ಉಪ್ಪಾಗೆ, ಜೇನು, ಅಪ್ಪೆಮಿಡಿಗೆ ಇದು ಸರಿ. ಊರಿನಲ್ಲಿ ಕೊಯ್ದವರ ಕೈಗೆ ಸಿಕ್ಕ ಬೆಲೆ ಹಿಡಿಯಿರಿ, ಬೆಂಗಳೂರಿನ ಅಂಗಡಿಯ ಬೆಲೆಯಲ್ಲ. ಖರ್ಚು ಕಳೆಯಿರಿ. ಉಪ್ಪಾಗೆ ಮಳೆಗಾಲದ ಬೆಳೆ, ಬಿಸಿಲಿಲ್ಲ, ಒಲೆ ಹೊತ್ತಿಸಿ ಒಣಗಿಸಬೇಕು. ಅದಕ್ಕೆ ಸುಡುವ ರಾಶಿ ಸೌದೆಯೂ ಅದೇ ಕಾಡಿನದು. ಆ ಸೌದೆಯನ್ನು ಕಳೆಯದೆ ಉಪ್ಪಾಗೆಯ ಲಾಭ ಬರೆದರೆ ಲೆಕ್ಕ ಸುಳ್ಳಾಗುತ್ತದೆ. ಬೆಲೆಯ ಏರಿಳಿತವೂ ಭಾರಿ. ಮೈ ತೂಕ ಇಳಿಸುವ ಔಷಧಿಗೆ ಅಂತ ಹೊರದೇಶದಲ್ಲಿ ಬೇಡಿಕೆ ಬಂದು ಬೆಲೆ ಏರಿದಾಗ ಹಣ್ಣಾಗುವ ಮೊದಲೇ ಕೊಯ್ದದ್ದು, ಕೊಂಬೆ ಸಮೇತ ಕಡಿದದ್ದು ಉತ್ತರ ಕನ್ನಡದವರಿಗೆ ನೆನಪಿರುತ್ತದೆ. ಹಾಗಾಗಿ ಮೂರು ವರ್ಷದ ಸರಾಸರಿ ಬೆಲೆ ಒಳ್ಳೆಯದು.

ಎರಡು, ಬದಲಿ ಬೆಲೆ. ಕಾಡು ಕೊಡದಿದ್ದರೆ ಅದರ ಬದಲಿಗೆ ಏನು ಕೊಳ್ಳಬೇಕಿತ್ತು? ಸೌದೆಗೆ ಗ್ಯಾಸ್ ಸಿಲಿಂಡರು, ಸೊಪ್ಪಿಗೆ ಲೋಡು ಗೊಬ್ಬರ, ಹಳ್ಳದ ನೀರಿಗೆ ಬೋರ್‌ವೆಲ್ ಮತ್ತು ಕರೆಂಟ್ ಬಿಲ್. ನ್ಯೂಯಾರ್ಕ್ ನಗರ ಹೀಗೇ ಯೋಚಿಸಿತು. ನೀರು ಶೋಧಿಸುವ ಘಟಕ ಕಟ್ಟಲು 600ರಿಂದ 800 ಕೋಟಿ ಡಾಲರ್ ಬೇಕು ಎಂಬ ಅಂದಾಜಿತ್ತು. ಅದರ ಬದಲು 1997ರಲ್ಲಿ ಒಪ್ಪಂದ ಮಾಡಿಕೊಂಡು, ಸುಮಾರು 150 ಕೋಟಿ ಡಾಲರ್ ವೆಚ್ಚದಲ್ಲಿ ತನಗೆ ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಜಲಾನಯನ ಕಾಪಾಡುವ ಕೆಲಸಕ್ಕೆ ಇಳಿಯಿತು. ಈ ದಾರಿಯಲ್ಲಿ ಒಂದು ಎಚ್ಚರ: ಬದಲಿಯನ್ನು ಜನ ನಿಜವಾಗಿಯೂ ಕೊಳ್ಳುತ್ತಿದ್ದರಾ? ದಿನಕ್ಕೆ 69 ಸಾವಿರ ಲೀಟರನ್ನೂ ಟ್ಯಾಂಕರ್ ರೇಟಿಗೆ ಗುಣಿಸಿದರೆ ಕಣ್ಣು ತಿರುಗುವ ಮೊತ್ತ ಬರುತ್ತದೆ. ಆದರೆ ಅಷ್ಟು ಟ್ಯಾಂಕರ್ ನೀರನ್ನು ಯಾವ ಊರೂ ತರಿಸುವುದಿಲ್ಲ. ಊರಿಗೆ ನಿಜವಾಗಿ ಬೇಕಾದ ಲೀಟರಿಗೆ ಮಾತ್ರ ಬೆಲೆ ಹಚ್ಚಿ.

ಮೂರು, ತಪ್ಪಿದ ನಷ್ಟ. ಗುಡ್ಡ ಕುಸಿದು ಗದ್ದೆಗೆ ತುಂಬಿದ ಹೂಳು ತೆಗೆಸಲು ಎಷ್ಟು ಖರ್ಚಾಯಿತು? ಪಕ್ಕದೂರಿನಲ್ಲಿ ಆದದ್ದನ್ನು ಕೇಳಿ ಬರೆದುಕೊಳ್ಳಿ.

ಕೂಲಿ ಲೆಕ್ಕದಲ್ಲಿ ಒಂದು ವಿಚಿತ್ರ ಎದುರಾಗುತ್ತದೆ, ಹೆದರಬೇಡಿ. ಒಂದು ಹೊರೆ ಸೌದೆಗೆ 100 ರೂಪಾಯಿ ಅಂತಿಟ್ಟುಕೊಳ್ಳಿ. ತರಲು ಮೂರು ಗಂಟೆ. ಎಂಟು ಗಂಟೆಗೆ 400 ರೂಪಾಯಿ ಕೂಲಿ ಹಿಡಿದರೆ ಮೂರು ಗಂಟೆಗೆ 150. ಅಂದರೆ ಪ್ರತಿ ಹೊರೆಗೂ 50 ರೂಪಾಯಿ ನಷ್ಟ! ಹಾಗಾದರೆ ಯಾಕೆ ತರುತ್ತಾರೆ? ಆ ಮೂರು ಗಂಟೆಗೆ ಬೇರೆ ಕೂಲಿ ಸಿಗುವುದಿಲ್ಲ, ಸಿಲಿಂಡರಿಗೆ ಒಟ್ಟಿಗೆ ಕೊಡಲು ದುಡ್ಡಿಲ್ಲ, ಬಚ್ಚಲ ಹಂಡೆ ಗ್ಯಾಸಿನಲ್ಲಿ ಕಾಯುವುದಿಲ್ಲ. ಕೂಲಿ ಕಳೆದ ಲೆಕ್ಕ, ಕಳೆಯದ ಲೆಕ್ಕ ಎರಡನ್ನೂ ಬರೆದು, ಪಕ್ಕದಲ್ಲಿ ಕಾರಣ ಬರೆಯಿರಿ. ಹೆಂಗಸರ ದುಡಿಮೆ ಎಷ್ಟು ಅಗ್ಗವಾಗಿ ಎಣಿಕೆಯಾಗುತ್ತಿದೆ ಅನ್ನುವುದು ಈ ಒಂದೇ ಸಾಲಿನಲ್ಲಿ ಕಾಣುತ್ತದೆ.

ಒಂದೇ ಪ್ರಯೋಜನವನ್ನು ಎರಡು ಸಲ ಎಣಿಸಬೇಡಿ. ಸೊಪ್ಪಿಗೆ ಗೊಬ್ಬರದ ಬೆಲೆ ಹಚ್ಚಿ, ಅದೇ ಗೊಬ್ಬರದಿಂದ ಬಂದ ಅಡಿಕೆಯನ್ನೂ ಕಾಡಿನ ಲೆಕ್ಕಕ್ಕೆ ಸೇರಿಸಿದರೆ ಓದಿದವರು ಅಲ್ಲೇ ಹಿಡಿಯುತ್ತಾರೆ.

7. ಇಂಗಾಲ: ಬೇಕಿದ್ದರೆ ಮಾತ್ರ

20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಹಗ್ಗ ಹಾಕಿ ಗುರುತಿಸಿ. ಅದರೊಳಗೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ಸುತ್ತಳತೆ ಇರುವ ಮರಗಳ ಹೆಸರು, ಸುತ್ತಳತೆ ಬರೆಯಿರಿ. ಇಂಥ ಚೌಕ ಕಾಡಿನ ಬೇರೆ ಬೇರೆ ಕಡೆ ಹಲವು ಬೇಕು. ಸುತ್ತಳತೆಯಿಂದ ತೂಕ ತೆಗೆಯುವ ಸೂತ್ರಕ್ಕೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದವರನ್ನೋ, ಅರಣ್ಯ ಕಾಲೇಜಿನವರನ್ನೋ ಕೇಳಿ. ಒಣ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇಂಗಾಲ, ಅದನ್ನು 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್.

ಬಂದ ಮೊತ್ತ ದೊಡ್ಡದಿರುತ್ತದೆ. ಆದರೆ ಅದು ಕಣಜದಲ್ಲಿರುವ ಭತ್ತ, ಈ ವರ್ಷದ ಬೆಳೆಯಲ್ಲ. ಸೌದೆ, ನೀರಿನ ವಾರ್ಷಿಕ ಲೆಕ್ಕದ ಜೊತೆ ಅದನ್ನು ಕೂಡಿಸಬಾರದು. ಇರುವ ಹಳೆಯ ಕಾಡನ್ನು ಹಾಗೇ ಉಳಿಸಿಕೊಂಡಿದ್ದಕ್ಕೆ ಇಂಗಾಲದ ಪೇಟೆಯಲ್ಲಿ ಸಾಮಾನ್ಯವಾಗಿ ದುಡ್ಡು ಹುಟ್ಟುವುದೂ ಇಲ್ಲ. ಕೋಟಿ ಕೊಡಿಸುತ್ತೇವೆ ಅಂತ ಬರುವ ಏಜೆಂಟರ ಕಾಗದಕ್ಕೆ ಸಹಿ ಹಾಕುವ ಮೊದಲು ಗ್ರಾಮಸಭೆಯಲ್ಲಿ ಓದಿಸಿ.

8. ಕಾಡು ಕೊಡುವ ತೊಂದರೆಯನ್ನೂ ಬರೆಯಿರಿ

ಮಂಗ, ಕಾಡುಹಂದಿ, ಕಾಡುಕೋಣ, ಕೆಲವು ಕಡೆ ಆನೆ. ಭತ್ತ ಬಿಟ್ಟು ಗದ್ದೆ ಪಾಳು ಹಾಕಿದವರು ಎಷ್ಟು ಜನ, ಬೇಲಿಗೆ ಎಷ್ಟು ಖರ್ಚು, ರಾತ್ರಿ ಕಾಯಲು ಎಷ್ಟು ನಿದ್ದೆ ಹೋಯಿತು? ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ (ರಕ್ತ ಹೀರುವ ಹುಳ) ಹರಡುವ ಈ ಜ್ವರಕ್ಕೆ ದರಕು ತರಲು, ಸೌದೆ ತರಲು ಹೋದವರೇ ಜಾಸ್ತಿ ಸಿಗುತ್ತಾರೆ.

ಪರಿಸರದ ಪರ ಇರುವವರು ಈ ಪುಟ ಹಾರಿಸುತ್ತಾರೆ. ಹಾರಿಸಿದರೆ ಗದ್ದೆ ಕಳೆದುಕೊಂಡವರು ನಿಮ್ಮ ಲೆಕ್ಕದ ಯಾವ ಪುಟವನ್ನೂ ನಂಬುವುದಿಲ್ಲ, ಅಲ್ವಾ?

9. ರೂಪಾಯಿ ಹಚ್ಚಬಾರದ್ದು

ಚೌಡಿ ಬನ, ನಾಗಬನ, ಭೂತಪ್ಪನ ಕಟ್ಟೆ. ಕೊಡಗಿನಲ್ಲಿ ದಾಖಲೆಯಲ್ಲಿರುವ ದೇವರಕಾಡುಗಳೇ 1,200ಕ್ಕೂ ಹೆಚ್ಚು. ಇಂಥ ಜಾಗಕ್ಕೆ "ನೀವು ಎಷ್ಟು ಕೊಡಲು ಸಿದ್ಧ?" ಅಂತ ಕೇಳಿ ಬೆಲೆ ಕಟ್ಟುವ ವಿಧಾನ ಅರ್ಥಶಾಸ್ತ್ರದಲ್ಲಿ ಇದೆ. ನಮ್ಮ ಹಳ್ಳಿಯಲ್ಲಿ ಆ ಪ್ರಶ್ನೆ ಕೇಳಿದರೆ ಚೌಡಿಗೇ ಬೆಲೆ ಕಟ್ಟುತ್ತೀರಾ ಅಂತ ಬೈಸಿಕೊಳ್ಳುತ್ತೀರಿ, ಅದು ನ್ಯಾಯವೂ ಹೌದು. ಬದಲಿಗೆ ಬನದ ಹೆಸರು, ವಿಸ್ತಾರ, ಹಬ್ಬದ ದಿನ, ಯಾವ ಯಾವ ಮನೆತನಕ್ಕೆ ಏನು ಕೆಲಸ, ಏನು ಕಡಿಯುವ ಹಾಗಿಲ್ಲ ಅನ್ನುವುದನ್ನು ಬರೆದಿಡಿ.

ಅಪರೂಪದ ಜೀವಿಗಳದೂ ಹೀಗೇ. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ರಾಮಪತ್ರೆ ಜಡ್ಡಿಗಳಿವೆ, ನೀರಲ್ಲಿ ಬೇರೂರಿ ನಿಂತ ಬಹಳ ಹಳೆಯ ಜಾತಿಯ ಮರಗಳು. ಆ ಸೀಮೆಯಲ್ಲೇ ಸಿಂಗಳೀಕಗಳಿವೆ. ಇವುಗಳ ಫೋಟೊ, ಜಾಗ, ದಿನ ದಾಖಲಿಸಿದರೆ ಸಾಕು. ಜಾಗಕ್ಕೆ ಕಾನೂನಿನ ರಕ್ಷಣೆ ಬೇಕಿದ್ದರೆ ಜೀವವೈವಿಧ್ಯ ಕಾಯ್ದೆ, 2002ರಲ್ಲಿ ಪಾರಂಪರಿಕ ತಾಣ ಎಂದು ಘೋಷಿಸಲು ಅವಕಾಶವಿದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ಹೀಗೆ ದೇಶದ ಮೊದಲ ತಾಣವಾಯಿತು. ಅದಕ್ಕೆ ಯಾರೂ ಹುಣಸೆಹಣ್ಣಿನ ಮಾರುಕಟ್ಟೆ ಬೆಲೆ ಕೇಳಲಿಲ್ಲ.

10. ಯಾರಿಗೆ ಎಷ್ಟು: ಈ ಕಾಲಂ ಬಿಡಬೇಡಿ

ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬರೆದರೆ ಅರ್ಧ ವಿಷಯ ಮುಚ್ಚಿಹೋಗುತ್ತದೆ. ಪ್ರತಿ ಪ್ರಯೋಜನದ ಮುಂದೆ ಯಾರಿಗೆ ಅಂತ ಬರೆಯಿರಿ: ತೋಟದ ಮನೆಗೆ, ಜಮೀನಿಲ್ಲದ ಮನೆಗೆ, ಕೆಳಗಿನ ಊರಿಗೆ, ದೂರದ ನಗರಕ್ಕೆ, ಇಡೀ ಜಗತ್ತಿಗೆ.

ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ 2015ರಲ್ಲಿ ಆರು ಹುಲಿ ಮೀಸಲು ಪ್ರದೇಶಗಳ ಲೆಕ್ಕ ಹಾಕಿತು. ಒಂದೊಂದರಿಂದ ವರ್ಷಕ್ಕೆ ಸುಮಾರು 830 ಕೋಟಿಯಿಂದ 1,760 ಕೋಟಿ ರೂಪಾಯಿವರೆಗಿನ ಪ್ರಯೋಜನ ಅಂತ ಅಂದಾಜಿಸಿತು. ಬಂಡೀಪುರ 2019ರ ಎರಡನೇ ಸುತ್ತಿನಲ್ಲಿ ಸೇರಿತು. ಅಲ್ಲಿ ಎಣಿಸಿದ್ದರಲ್ಲಿ ದೊಡ್ಡ ಪಾಲು ದೂರದವರಿಗೆ ಮುಟ್ಟುವಂಥದ್ದು. ಕಾಡಂಚಿನ ಹಾಡಿಯವರ ಕೈಗೆ ಬರುವುದು ಬೇರೆಯೇ ಲೆಕ್ಕ. ಬಿಳಿಗಿರಿರಂಗನ ಬೆಟ್ಟದಲ್ಲಿ 2006ರಲ್ಲಿ ಅಲ್ಲಿನ ಬುಡಕಟ್ಟಿನ ಸೋಲಿಗರು ನೆಲ್ಲಿಕಾಯಿ, ಜೇನು, ಮರದ ಪಾಚಿ (ಕಲ್ಲುಹೂವು) ತಂದು ಮಾರುವುದು ನಿಂತುಹೋಯಿತು. ವನ್ಯಜೀವಿ ಕಾಯ್ದೆಯ ತಿದ್ದುಪಡಿ ಅದಕ್ಕೆ ಕಾರಣ. ಕಾಡಿನಲ್ಲಿ ನೆಲ್ಲಿ ಅಷ್ಟೇ ಬಿಡುತ್ತಿತ್ತು, ಸೋಲಿಗರ ಮನೆಗೆ ಬರುತ್ತಿದ್ದ ದುಡ್ಡು ಮಾತ್ರ ನಿಂತಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಹಾಗೆ ಸಿಕ್ಕದ್ದು ದೇಶದಲ್ಲೇ ಮೊದಲು.

ನಗರದ ಪಾಲೂ ಬರೆಯಿರಿ. ಬೆಂಗಳೂರಿನವರ ನೀರಿನ ಬಿಲ್ಲಿನಲ್ಲಿ ಪೈಪು, ಪಂಪು, ಕರೆಂಟಿನ ಖರ್ಚು ಇದೆ. ಕಾವೇರಿ ಹುಟ್ಟುವ ಕಾಡಿನ ಹೆಸರಿನಲ್ಲಿ ಏನೂ ಇಲ್ಲ. 2024ರಲ್ಲಿ ನೀರಿನ ಬಿಲ್ಲಿಗೆ ಸಣ್ಣ ಹಸಿರು ಸೆಸ್ ಸೇರಿಸುವ ಪ್ರಸ್ತಾಪ ರಾಜ್ಯದ ಅರಣ್ಯ ಸಚಿವರಿಂದ ಬಂದಾಗ ಎದ್ದ ಗದ್ದಲ ನೋಡಿದರೆ, ಈ ಮಾತು ಮುಂದೆಯೂ ಬಿಸಿಯಾಗಿಯೇ ಇರುತ್ತದೆ.

11. ಸರ್ಕಾರದ ಅಂಕಿ ಎದುರಾದಾಗ

ಅರಣ್ಯವನ್ನು ಬೇರೆ ಉದ್ದೇಶಕ್ಕೆ ಕೊಡುವಾಗ, ಪಡೆಯುವ ಕಂಪನಿ ಅಥವಾ ಇಲಾಖೆ "ನಿವ್ವಳ ಪ್ರಸ್ತುತ ಮೌಲ್ಯ" (ಕಾಡು ಮುಂದೆ ಕೊಡಬಹುದಾಗಿದ್ದ ಪ್ರಯೋಜನಗಳ ಇವತ್ತಿನ ಬೆಲೆ) ಅಂತ ಒಂದು ಮೊತ್ತ ಕಟ್ಟಬೇಕು. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು ಒಪ್ಪಿತು. ಕಾಡಿನ ಬಗೆ, ದಟ್ಟಣೆ ನೋಡಿ ದರ. ಅಭಯಾರಣ್ಯಕ್ಕೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನಕ್ಕೆ ಹತ್ತು ಪಟ್ಟು. 2022ರಲ್ಲಿ ದರ ಏರಿಸಿದರು. ಆಗಲೂ ಅತಿ ದಟ್ಟ ಕಾಡಿಗೆ ಸಿಕ್ಕ ದರ ಹೆಕ್ಟೇರಿಗೆ 16 ಲಕ್ಷದೊಳಗೇ. ಎಕರೆಗೆ ಲೆಕ್ಕ ಹಾಕಿ, ನಿಮ್ಮೂರಿನ ಅಡಿಕೆ ತೋಟದ ಎಕರೆ ಬೆಲೆಯ ಪಕ್ಕದಲ್ಲಿ ಬರೆದು ನೋಡಿ.

ಈ ದುಡ್ಡು ಊರಿಗೆ ಬರುವುದಿಲ್ಲ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಪ್ರಕಾರ ಶೇ. 90 ರಾಜ್ಯದ ನಿಧಿಗೆ, ಶೇ. 10 ಕೇಂದ್ರದ ನಿಧಿಗೆ ಹೋಗುತ್ತದೆ. ಹಾಗಾಗಿ "ಕಾಡಿನ ಬೆಲೆ ಆಗಲೇ ಕಟ್ಟಿಯಾಗಿದೆ" ಅಂತ ಯಾರಾದರೂ ಸಭೆಯಲ್ಲಿ ಹೇಳಿದರೆ, ಬತ್ತುವ ಹಳ್ಳದ ನೀರು ಆ ಲೆಕ್ಕದಲ್ಲಿ ಎಲ್ಲಿದೆ, ದರಕು ತರುವ ಮನೆಗಳಿಗೆ ಎಷ್ಟು ಸಿಗುತ್ತದೆ ಅಂತ ಕೇಳಿ. ನಿಮ್ಮ ಹತ್ತನೇ ಹೆಜ್ಜೆಯ ಪುಟ ತೆರೆದಿಡಿ.

12. ಗ್ರಾಮಸಭೆಗೆ ಒಯ್ಯುವಾಗ

ನೋಟ್‌ಬುಕ್ಕಿನಿಂದ ಎರಡು ಪುಟದ ಸಾರಾಂಶ ಮಾಡಿ. ಮೊದಲ ಪುಟದಲ್ಲಿ ಅಳತೆ ಮಾತ್ರ ಇರಲಿ: ಎಷ್ಟು ಹೊರೆ, ಎಷ್ಟು ಲೀಟರ್, ಯಾವ ತಿಂಗಳು, ಎಷ್ಟು ಮನೆ. ರೂಪಾಯಿ ಎರಡನೇ ಪುಟಕ್ಕೆ. ಒಂದೇ ಅಂಕಿ ಕೊಡಬೇಡಿ, ಕಡಿಮೆ ಹಿಡಿದರೆ ಇಷ್ಟು, ಜಾಸ್ತಿ ಹಿಡಿದರೆ ಇಷ್ಟು ಅಂತ ಎರಡು ಕೊಡಿ. ಯಾವ ಬೆಲೆ ಎಲ್ಲಿಂದ ತಂದದ್ದು, ಯಾವುದಕ್ಕೆ ಬೆಲೆ ಹಚ್ಚಿಲ್ಲ ಅನ್ನುವುದನ್ನೂ ಅಲ್ಲೇ ಬರೆಯಿರಿ.

ಜೇನು ಬಂಡೆ, ಅಪ್ಪೆಮಿಡಿ ಮರ, ರಾಮಪತ್ರೆ ಜಡ್ಡಿಯ ನಿಖರ ಜಾಗವನ್ನು ಹೊರಗೆ ಹಂಚುವ ಪ್ರತಿಯಿಂದ ತೆಗೆದುಬಿಡಿ. ಒಳ್ಳೆಯ ಅಪ್ಪೆಮಿಡಿ ಮರ ಎಲ್ಲಿದೆ ಅಂತ ಗೊತ್ತಾದರೆ ರಾತ್ರೋರಾತ್ರಿ ಕೊಂಬೆ ಸಮೇತ ಕೊಯ್ದುಕೊಂಡು ಹೋಗುವವರಿದ್ದಾರೆ.

ಸಭೆಯಲ್ಲಿ ಓದಿ, ತಕರಾರು ಬಂದ ಅಂಕಿ ತಿದ್ದಿ, ಠರಾವು ಬರೆಸಿ. ಠರಾವಿನ ನಂಬರು, ದಿನಾಂಕ, ಪಂಚಾಯ್ತಿಯ ಮೊಹರು ಇರುವ ನಕಲು ಕೇಳಿ ಪಡೆಯಿರಿ. ಒಂದು ಪ್ರತಿ ಜೀವವೈವಿಧ್ಯ ಸಮಿತಿಗೆ, ಒಂದು ಗ್ರಾಮ ಅರಣ್ಯ ಸಮಿತಿಗೆ, ಒಂದು ಶಾಲೆಗೆ. ಹಳ್ಳದ ಅಳತೆಯನ್ನು ಶಾಲೆಯ ಮಕ್ಕಳಿಗೇ ವಹಿಸಿದರೆ ಪ್ರತಿ ವರ್ಷ ತಪ್ಪದೆ ನಡೆಯುತ್ತದೆ. ನಿಂಬೆಹಣ್ಣು ತೇಲಿಬಿಡುವ ಕೆಲಸಕ್ಕೆ ಅವರಲ್ಲಿ ಪೈಪೋಟಿಯೇ ಇರುತ್ತದೆ.